ಹದಿನಾಲ್ಕನೆಯ ಲಕೋಟೆ

“ಬಾಯಿ ದೊಡ್ಡದಾಗಿ ತೆಗಿ, ಚಿಕ್ಕಮ್ಮ.”

ಭೂತಕನ್ನಡಿ ಮೇಡಂ ಬಾಯಿ ತೆಗೆಯಲಿಲ್ಲ. ಕೈಚೀಲ ತೆಗೆದರು. ಅದರೊಳಗಿಂದ ಒಂದು ಪುಟ್ಟ ಡಬ್ಬಿ, ಡಬ್ಬಿಯೊಳಗಿಂದ ಹತ್ತಿ, ಹತ್ತಿಯೊಳಗಿಂದ ಕೆಂಪು ಅರಗಿನ ಒಂದು ಬಿಲ್ಲೆ ಹೊರಬಂತು. ಅದನ್ನು ಇಕ್ಕಳ, ಕನ್ನಡಿ, ಸೂಜಿಗಳಿದ್ದ ಸ್ಟೀಲಿನ ತಟ್ಟೆಯ ಮೇಲೆ ಜೋಪಾನವಾಗಿ ಇಟ್ಟರು.

“ನನ್ನ ಹಲ್ಲು ಚೆನ್ನಾಗೇ ಇದೆ ಪುಟ್ಟ. ಇದನ್ನ ಸ್ವಲ್ಪ ನೋಡು.”

ಹಲ್ಲಿನ ಡಾಕ್ಟರು ನೋಡಿದ. ಮೂವತ್ತಮೂರು ವರ್ಷವಾಗಿದ್ದರೂ, ಬಾಗಿಲಿನ ಹೊರಗೆ ದೊಡ್ಡಕ್ಷರದಲ್ಲಿ ಬೋರ್ಡು ತೂಗುತ್ತಿದ್ದರೂ, ಮೇಡಂ ಪಾಲಿಗೆ ಅವನು ಅಕ್ಕನ ಮಗ ಪುಟ್ಟನೇ. ಮುಖದ ಮಾಸ್ಕಿನ ಮೇಲೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಮೇಡಂಗೆ ಅಷ್ಟು ಸಾಕಾಗಿತ್ತು. ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಸಹೋದ್ಯೋಗಿಗಳಿಂದ ಆ ಅಡ್ಡಹೆಸರು ಗಳಿಸಿ ನಿವೃತ್ತರಾದವರು ಅವರು. ಹೆದರಿದ ಕಣ್ಣು ಮೊದಲು ಬಾಗಿಲ ಕಡೆ ಹೋಗುತ್ತದೆ ಎಂಬುದು ಅವರಿಗೆ ಬೆರಳಿನ ಗೆರೆಯಷ್ಟೇ ಚೆನ್ನಾಗಿ ಗೊತ್ತಿತ್ತು.

ಪುಟ್ಟನ ಕಣ್ಣು ಬಾಗಿಲ ಕಡೆ ಹೋಯಿತು.

“ಹೊರಗೆ ಯಾರೂ ಇಲ್ಲ. ನರ್ಸಮ್ಮ ಊಟಕ್ಕೆ ಹೋದ್ರು. ಎರಡೂವರೆವರೆಗೂ ನೀನು ನನ್ನ ಪೇಷಂಟು.”

ಹೋದ ಭಾನುವಾರದಿಂದ ಈ ಶನಿವಾರದವರೆಗೆ ಅವರನ್ನು ಕಾಡಿದ ಪ್ರಶ್ನೆ ಒಂದೇ: ಮುದ್ರೆ ಒಡೆಯದ ಲಕೋಟೆಯೊಳಗೆ ಖಾಲಿ ಹಾಳೆ ಬಂದದ್ದು ಹೇಗೆ?

ಆ ಲಕೋಟೆ ಫ್ರೀಮೇಸನ್ನರೆಂಬ ಹಳೆಯ ಗುಪ್ತ ಸೋದರ ಸಂಘದ ಎಳೆಯ ಸದಸ್ಯರ ಕ್ಲಬ್ಬಿನದು. ಸಂಘದ ಸಭಾಭವನವಾದ ಹಳೆಯ ಲಾಡ್ಜ್ ಕಟ್ಟಡದ ಮಹಡಿಯಲ್ಲಿ ನಲವತ್ತು ದಾಟದ ಇಪ್ಪತ್ತಮೂರು ಮೇಸನ್ನರು ಭಾನುವಾರ ಬೆಳಗ್ಗೆ ಸೇರುತ್ತಿದ್ದರು. ಕೇರಂ ಆಡುತ್ತಿದ್ದರು, ಟೇಬಲ್ ಟೆನ್ನಿಸ್ ಆಡುತ್ತಿದ್ದರು, ತೀರಿಕೊಂಡ ಸದಸ್ಯರ ಮನೆಗಳಿಗೆ ಹೋಗಿ ಬಲ್ಬು ಬದಲಾಯಿಸಿ, ನಲ್ಲಿ ರಿಪೇರಿ ಮಾಡಿ, ಕಾಫಿ ಕುಡಿದು ಬರುತ್ತಿದ್ದರು. ಕೆಳಗಿನ ದೊಡ್ಡ ಹಾಲಿನ ಗುಟ್ಟುಗಳು ಏನೇ ಇರಲಿ, ಮಹಡಿಯ ಮೇಲಿನದು ನಗುವಿನ ಜಾಗ. ಪುಟ್ಟ ಅಲ್ಲಿಗೆ ಸೇರಿದ ಹೊಸದರಲ್ಲಿ ಅವನ ತಾಯಿ ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಕೊಡುವ ಜಾಗ ಅಂದುಕೊಂಡು ಎರಡು ದಿನ ಮಾತು ಬಿಟ್ಟಿದ್ದಳು. ಮೇಸನ್ ಅಂದರೆ ಗಾರೆ ಕೆಲಸದವನು ಎಂದು ಯಾರೋ ಹೇಳಿದ ಮೇಲೆ, “ಹಾಗಾದ್ರೆ ನಿನ್ನ ಸ್ನೇಹಿತರನ್ನ ಕರ್ಕೊಂಡು ಬಂದು ನಮ್ಮ ಬಚ್ಚಲಿನ ಗೋಡೆ ಸರಿ ಮಾಡಿಸೋ” ಎಂದಿದ್ದಳು.

ಕ್ಲಬ್ಬಿಗೆ ಸೇರುವ ದಿನ ಪ್ರತಿಯೊಬ್ಬನೂ ಒಂದು ಕಾಗದ ಬರೆಯಬೇಕು. ತನ್ನ ನಂತರ ತನ್ನ ಕುರ್ಚಿಯಲ್ಲಿ ಕೂರುವವನಿಗೆ. ಲಕೋಟೆಯ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಅರಗು ಹಚ್ಚಿ, ಕೈವಾರ ಮತ್ತು ಮೂಲೆಮಟ್ಟದ ಗುರುತಿರುವ ಮುದ್ರೆ ಒತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಹದಿನಾಲ್ಕನೆಯ ಲಕೋಟೆ ಲಿಫ್ಟಣ್ಣನದು. ಲಿಫ್ಟ್ ರಿಪೇರಿ ಕೆಲಸದವನು. ಎಲ್ಲರ ಮನೆಯನ್ನೂ ತನ್ನ ಮನೆ ಅಂದುಕೊಂಡಿದ್ದವನು. ನಾಲ್ಕು ತಿಂಗಳ ಹಿಂದೆ, ಮೂವತ್ತೊಂದನೇ ವಯಸ್ಸಿಗೆ, ತನ್ನ ಮನೆಯ ಮೆಟ್ಟಿಲ ಮೇಲೆ ಕುಸಿದು ಹೋದ. ಹೆಂಡತಿ ಬಸುರಿ. ಹುಟ್ಟುವ ಮಗುವಿಗೆ ಅಪ್ಪನ ಕೈಬರಹದ ಒಂದು ಕಾಗದವಾದರೂ ಇರಲಿ ಎಂದು ಅವಳು ಕೇಳಿದಳು. ಹೋದ ಭಾನುವಾರ ಎಲ್ಲರೆದುರು ಮುದ್ರೆ ಒಡೆದರು. ಒಳಗೆ ಬಿಳೀ ಹಾಳೆ. ಇದನ್ನು ಪತ್ತೆ ಹಚ್ಚಿಕೊಡಿ ಎಂದು ಕ್ಲಬ್ಬಿನವರು ಮೇಡಂ ಅವರನ್ನು ಕೇಳಿಕೊಂಡರು.

“ಐದು ದಿನ ನಾನು ನಿಮ್ಮ ಅಧ್ಯಕ್ಷರ ಹಿಂದೆ ಬಿದ್ದಿದ್ದೆ,” ಎಂದರು ಮೇಡಂ. “ಮುದ್ರೆ ಇರೋದು ಅವರ ಮೇಜಿನ ಖಾನೆಯಲ್ಲಿ ತಾನೇ? ಬೆರಳಚ್ಚು ಹುಡುಕೋಣ ಅಂದ್ರೆ ನಿಮ್ಮ ಪೆಟ್ಟಿಗೆ ಮುಟ್ಟೋರೆಲ್ಲ ಬಿಳೀ ಕೈಗವಸು ಹಾಕ್ಕೊಳ್ತಾರೆ. ನನ್ನಂಥೋಳಿಗೆ ಅನ್ನ ಹುಟ್ಟದ ಜಾಗ ಅದು.”

ಪುಟ್ಟ ನಗಲಿಲ್ಲ.

“ನಿನ್ನೆ ಸಾಯಂಕಾಲ ಬೇರೆ ಲಕೋಟೆಗಳ ಮುದ್ರೆ ಅಳೆದೆ. ಹದಿಮೂರನೇದು ಹದಿನೆಂಟು ಮಿಲಿಮೀಟರು. ಹದಿನೈದನೇದೂ ಅಷ್ಟೇ. ಹದಿನಾಲ್ಕನೇದು, ಈ ತಟ್ಟೆಯಲ್ಲಿರೋದು, ಮಾತ್ರ ಕೂದಲೆಳೆಯಷ್ಟು ಚಿಕ್ಕದು. ಅರಗು ಬೇರೆ ಹೊಸದು, ಉಗುರು ಒತ್ತಿದ್ರೆ ಗುರುತು ಬೀಳತ್ತೆ. ಅಂದ್ರೆ ಯಾರೋ ನಿಜವಾದ ಮುದ್ರೆಯ ಅಚ್ಚು ತಗೊಂಡು ಇನ್ನೊಂದು ಮುದ್ರೆ ಮಾಡಿದ್ದಾರೆ. ಆ ಅಚ್ಚು ಸ್ವಲ್ಪ ಕುಗ್ಗಿದೆ.”

“ಚಿಕ್ಕಮ್ಮ...”

“ನನ್ನ ದವಡೆ ಹಲ್ಲಿಗೆ ಟೋಪಿ ಹಾಕ್ದಾಗ ನೀನೇ ಹೇಳಿದ್ದೆ. ಬಾಯಿ ತುಂಬ ಆ ತಣ್ಣನೆ ಹಿಟ್ಟು ತುರುಕಿ, ‘ಇದನ್ನ ಹಾಗೇ ಬಿಟ್ರೆ ಒಣಗಿ ಕುಗ್ಗತ್ತೆ ಚಿಕ್ಕಮ್ಮ, ತಕ್ಷಣ ಅಚ್ಚು ಹುಯ್ಯಬೇಕು’ ಅಂತ. ನೀನು ತಕ್ಷಣ ಹುಯ್ಯಲಿಲ್ಲ ಅಲ್ವಾ?”

ಪುಟ್ಟ ಮಾಸ್ಕು ಬಿಚ್ಚಿದ. ಗಾಲಿ ಇರುವ ಸ್ಟೂಲನ್ನು ಎಳೆದುಕೊಂಡು, ಚಿಕ್ಕಂದಿನಲ್ಲಿ ಅವರ ಮಂಚದ ಪಕ್ಕ ಕೂರುತ್ತಿದ್ದ ಹಾಗೆ, ಮೇಡಂ ಮೊಣಕಾಲಿನ ಹತ್ತಿರ ಕೂತ.

“ಕ್ಲಬ್ಬಿನಲ್ಲಿ ಮುದ್ರೆಯ ಅಚ್ಚು ತಗೊಂಡು ನೇರ ಇಲ್ಲಿಗೇ ಬರೋನಿದ್ದೆ. ಅಮ್ಮ ಫೋನ್ ಮಾಡಿ ಊಟಕ್ಕೆ ಬಾ ಅಂದ್ಲು. ಬರಲ್ಲ ಅಂದ್ರೆ ಯಾಕೆ ಅಂತಾಳೆ. ಹೋದೆ. ಎರಡನೇ ಸಲ ಬಡಿಸಿದ್ಲು.”

“ನಮ್ಮಕ್ಕನ ಕೈಗೆ ಸಿಕ್ಕಿಬಿದ್ದ ಮೊದಲನೇ ಅಪರಾಧಿ ನೀನಲ್ಲ ಬಿಡು.” ಮೇಡಂ ಅವನ ತಲೆಯ ಮೇಲೆ ಕೈಯಿಟ್ಟರು. ರಾತ್ರಿಯಿಡೀ ಅವರು ಬೇಡಿಕೊಂಡಿದ್ದು ಒಂದೇ: ತಮ್ಮ ಲೆಕ್ಕ ತಪ್ಪಾಗಲಿ ಎಂದು. “ಯಾಕೋ ಹೀಗೆ ಮಾಡ್ದೆ?”

“ಅವನೇ ಹೇಳಿದ್ದ. ಸಾಯೋದಕ್ಕೆ ಎರಡು ವಾರ ಮೊದಲು ಇದೇ ಕುರ್ಚಿಯಲ್ಲಿ ಕೂತು ಕೇಳಿದ. ‘ಪೆಟ್ಟಿಗೆಯಿಂದ ನನ್ನ ಕಾಗದ ತೆಗೆದು ಸುಟ್ಟುಬಿಡು ಮಾರಾಯ. ಅದರಲ್ಲಿರೋದನ್ನ ಯಾರ್ಯಾರಿಗೆ ಹೇಳಬೇಕೋ ಅವರಿಗೆಲ್ಲ ನಾನೇ ಬಾಯಾರೆ ಹೇಳ್ತೀನಿ. ನೀನು ಮಾತ್ರ ಓದಬೇಡ’ ಅಂದ. ನಾನು ಮಾತು ಕೊಟ್ಟೆ. ಆಮೇಲೆ ಮಾಡೋಣ, ಅವಸರ ಏನು ಅಂತ ಬಿಟ್ಟೆ. ಅಷ್ಟರಲ್ಲಿ ಅವನೇ ಹೋದ. ಇವರು ನೋಡಿದ್ರೆ ಎಲ್ಲರೆದುರು ಒಡೀತೀವಿ ಅಂತ ಹೊರಟ್ರು. ನಾನೇನು ಮಾಡ್ಲಿ? ಸತ್ತವನಿಗೆ ಕೊಟ್ಟ ಮಾತು ಚಿಕ್ಕಮ್ಮ.”

“ಸುಟ್ಟೆಯಾ?”

ಅವನು ತಲೆ ಅಲ್ಲಾಡಿಸಿದ. “ಮೂರು ಸಲ ಬೆಂಕಿಪೊಟ್ಟಣ ಹಿಡಿದೆ. ಆಗಲಿಲ್ಲ. ಅವನ ಕೈಬರಹ.”

“ಓದಿದೆಯಾ?”

“ಮುದ್ರೆ ಕೂಡ ಮುಟ್ಟಿಲ್ಲ.”

ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಹೊತ್ತಿಕೊಳ್ಳದೆ ಕೆಮ್ಮುತ್ತಿತ್ತು.

“ಬೆಳಗ್ಗೆ ಆ ಹುಡುಗಿ ಮನೆಗೆ ಹೋಗಿದ್ದೆ,” ಎಂದರು ಮೇಡಂ. “ಆ ಖಾಲಿ ಹಾಳೆ ಎಲ್ಲಿಟ್ಟಿದ್ದಾಳೆ ಗೊತ್ತಾ? ದಿಂಬಿನ ಕೆಳಗೆ. ದಿನಾ ಕಿಟಕಿಗೆ ಹಿಡಿದು ನೋಡ್ತಾಳಂತೆ. ನಿಂಬೆಹಣ್ಣಿನ ರಸದಲ್ಲಿ ಬರೆದಿರಬಹುದು ಅಂತ ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿದ್ದಾಳೆ. ಒಂದು ಮೂಲೆ ಕಂದಾಗಿದೆ. ‘ಹೇಳೋಕೆ ಅವರಿಗೇನೂ ಇರಲಿಲ್ವಾ ಮೇಡಂ?’ ಅಂತ ನನ್ನನ್ನ ಕೇಳಿದ್ಲು.”

ಪುಟ್ಟ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ನೀನು ಸ್ನೇಹಿತನ ಮಾತು ಉಳಿಸಿದೆ, ನಿಜ. ಆದ್ರೆ ಅವನ ಬಾಯಿಗೆ ಬೀಗ ಹಾಕಿ ಅವನ ಹೆಂಡತಿ ಮುಂದೆ ನಿಲ್ಲಿಸಿದೆ. ಅವನು ಹೇಳಿದ್ದೇನು? ನಾನೇ ಹೇಳ್ತೀನಿ ಅಂತ. ಹೇಳಬಾರದು ಅಂತಲ್ಲ.”

ಅವನು ಎದ್ದ. ಬಣ್ಣಬಣ್ಣದ ಹಲ್ಲಿನ ಮಾದರಿಗಳಿದ್ದ ಕಪಾಟಿನ ಕೆಳಗಿನ ಖಾನೆ ಎಳೆದು, ಎಕ್ಸ್‌ರೇ ಕವರುಗಳ ಅಡಿಯಿಂದ ಒಂದು ಲಕೋಟೆ ತೆಗೆದ. ಹಳೆಯ ಅರಗು ಮಂಕಾಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಮೇಡಂ ಅದನ್ನು ಅಳೆಯಲಿಲ್ಲ. ಕೈಗೂ ತೆಗೆದುಕೊಳ್ಳಲಿಲ್ಲ.

“ನೀನೇ ಹಿಡ್ಕೊ. ನೀನೇ ಕೊಡಬೇಕು. ನಡಿ.”

ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನ ಮನೆಗೆ ಲಿಫ್ಟು ಇರಲಿಲ್ಲ. ಮೂರನೇ ಮಹಡಿ. ಎರಡನೇ ತಿರುವಿನಲ್ಲಿ ಗೋಡೆಯ ಸುಣ್ಣ ಉದ್ದಕ್ಕೆ ಕೆರೆದು ಹೋಗಿತ್ತು. ಪುಟ್ಟ ಅಲ್ಲಿ ಒಂದು ಕ್ಷಣ ನಿಂತು ಬೆರಳಿನಿಂದ ಆ ಗೆರೆ ಮುಟ್ಟಿದ. ತೊಟ್ಟಿಲು ಹೊತ್ತುಕೊಂಡು ಹತ್ತುವಾಗ ಲಿಫ್ಟಣ್ಣ ಕುಸಿದದ್ದು ಅಲ್ಲೇ.

ಬಾಗಿಲು ತೆಗೆದವಳು ಲಿಫ್ಟಣ್ಣನ ಹೆಂಡತಿ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಈಗ ಏಳು ತಿಂಗಳು. ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡೇ ನಡೆಯುತ್ತಿದ್ದಳು. ಪುಟ್ಟನನ್ನು ನೋಡಿ ನಕ್ಕಳು.

“ಬನ್ನಿ ಡಾಕ್ಟ್ರೇ. ಚಿಕ್ಕಮ್ಮನ್ನೂ ಮತ್ತೆ ಹತ್ತಿಸಿಬಿಟ್ರಾ? ಕೂತ್ಕೊಳ್ಳಿ, ನೀರು ತರ್ತೀನಿ.”

“ಅತ್ತಿಗೆ, ಕೂತ್ಕೊಳ್ಳಬೇಕಾದವರು ನೀವು,” ಎಂದ ಪುಟ್ಟ. ನಿಂತಲ್ಲೇ ಎಲ್ಲ ಹೇಳಿದ. ಸುತ್ತಿಬಳಸಲಿಲ್ಲ, ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ. ಊಟಕ್ಕೆ ಹೋದದ್ದನ್ನೂ ಬಿಡಲಿಲ್ಲ. ಕೊನೆಗೆ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ. “ನನ್ನನ್ನ ಬೈದುಬಿಡಿ.”

ಅವಳು ಬೈಯಲಿಲ್ಲ. ಲಕೋಟೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು, ಒಮ್ಮೆ ಕೆನ್ನೆಗೆ ಒತ್ತಿಕೊಂಡಳು.

“ಸುಡಲಿಲ್ವಲ್ಲ,” ಎಂದಳು. “ಅಷ್ಟು ಸಾಕು ನನಗೆ. ಬೈಯೋದು ಮಗು ಹುಟ್ಟಿದ ಮೇಲೆ ನಿಧಾನಕ್ಕೆ ಬೈತೀನಿ.”

ಅರಗು ಟಪ್ಪನೆ ಮುರಿಯಿತು. ಒಳಗೆ ಎರಡು ಹಾಳೆ. ಅವಳು ಕಿಟಕಿಯ ಪಕ್ಕ ಕೂತು ಗಟ್ಟಿಯಾಗಿ ಓದತೊಡಗಿದಳು.

“‘ನನ್ನ ನಂತರ ಈ ಕುರ್ಚಿಯಲ್ಲಿ ಕೂರುವ ತಮ್ಮನಿಗೆ. ನಾನು ಯಾವ ಲಿಫ್ಟನ್ನು ಬೇಕಾದರೂ ರಿಪೇರಿ ಮಾಡಬಲ್ಲೆ. ಆದರೆ ನನ್ನ ಎದೆಯೊಳಗಿನ ಯಂತ್ರ ನನ್ನ ಕೈಗೆ ಸಿಗುವಂಥದ್ದಲ್ಲ. ನಮ್ಮಪ್ಪ ಮೂವತ್ತೆರಡಕ್ಕೆ ಹೋದರು, ಅವರಪ್ಪ ಮೂವತ್ತಾರಕ್ಕೆ. ಹೃದಯದ ಗೋಡೆ ದಪ್ಪವಾಗುತ್ತ ಹೋಗುವ ಕಾಯಿಲೆ. ನನಗೂ ಇದೆ ಎಂದು ಹೋದ ತಿಂಗಳು ಡಾಕ್ಟರು ಹೇಳಿದರು. ರಕ್ತದಲ್ಲಿ ಬರುವಂಥದ್ದು. ಮೊದಲೇ ಗೊತ್ತಾದರೆ ಔಷಧಿ ಇದೆಯಂತೆ. ಏದುಸಿರು ಬರುವ ಕೆಲಸ ಮಾತ್ರ ಕೂಡದು. ಹಾಗಾಗಿ ನಾನು ಮದುವೆಯಾಗುವುದಿಲ್ಲ ಎಂದು ನಿಶ್ಚಯ ಮಾಡಿದ್ದೇನೆ.’”

ಅವಳು ಹಾಳೆಯನ್ನು ಮಡಿಲಿಗೆ ಇಳಿಸಿದಳು.

“ನಿಶ್ಚಯ ಅಂತೆ,” ಎಂದಳು, ಅಳು ನಗು ಎರಡೂ ಒಟ್ಟಿಗೇ ಬಂದು. “ಎರಡು ವರ್ಷ ಕೂಡ ಬಾಳಲಿಲ್ಲ ಈ ನಿಶ್ಚಯ. ಕನ್ನಡಕ ಬೇಡದ ಕಣ್ಣಿಗೆ ನಾಲ್ಕು ಸಲ ಪರೀಕ್ಷೆ ಮಾಡಿಸ್ಕೊಳ್ಳೋಕೆ ಬಂದ್ರು.” ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟಳು. “ಗೊತ್ತಿದ್ದೂ ತೊಟ್ಟಿಲು ಹೊತ್ರಲ್ಲ. ನನಗೆ ಒಂದು ಮಾತು ಹೇಳಿದ್ರೆ ಇಬ್ಬರೂ ಹಿಡ್ಕೊಂಡು ಹತ್ತಿಸ್ತಿದ್ವಿ.”

ಮೇಡಂ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತು ಆ ಕೈಯ ಮೇಲೆ ತಮ್ಮ ಕೈ ಇಟ್ಟರು. “ನಾಳಿದ್ದು ಸೋಮವಾರ ನಾನೇ ನಿನ್ನನ್ನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ತಾಯಿ. ಈಗ ನಮಗೆ ಗೊತ್ತಾಯ್ತಲ್ಲ, ಮಗುವನ್ನ ಮೊದಲ ದಿನದಿಂದಲೇ ನೋಡ್ಕೋತಾರೆ. ನಿನ್ನ ಗಂಡ ಮಗುವಿಗೆ ಹೇಳಬೇಕಾದ್ದನ್ನ ಹೇಳೇ ಹೋಗಿದ್ದಾನೆ.”

ಅವಳು ತಲೆಯಾಡಿಸಿ, ಮೂಗು ಒರೆಸಿಕೊಂಡು, ಎರಡನೇ ಹಾಳೆ ತಿರುವಿದಳು. ನಾಲ್ಕು ಸಾಲು ಮನಸ್ಸಿನಲ್ಲೇ ಓದಿದಳು. ಆಮೇಲೆ ಹಾಳೆಯನ್ನು ಪುಟ್ಟನಿಗೆ ಕೊಟ್ಟಳು.

“ಇದು ನೀವೇ ಓದಿ.”

ಪುಟ್ಟ ಓದಿದ. “‘ನಾನು ಈ ಕ್ಲಬ್ಬಿಗೆ ಸೇರಿದ್ದಕ್ಕೆ ನಿಜವಾದ ಕಾರಣ ಬೇರೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಬ್ರದರ್ ಅಂತ ಕರೀತೇವೆ. ಅವರಲ್ಲಿ ಒಬ್ಬ ನಿಜವಾಗಿಯೂ ನನ್ನ ಅಣ್ಣ. ಅಪ್ಪ ಒಬ್ಬರೇ, ತಾಯಂದಿರು ಬೇರೆ. ಅವನಿಗೆ ಇದು ಗೊತ್ತಿಲ್ಲ. ಹೆಸರು ಬರೆಯಲಾರೆ, ಅವನ ತಾಯಿ ಬದುಕಿದ್ದಾರೆ, ಅವರ ಮಾನ ನನ್ನ ಸ್ವತ್ತಲ್ಲ. ವಾರಕ್ಕೊಮ್ಮೆ ಅವನ ಎದುರು ಕೂತು ಕೇರಂ ಆಡಿದರೆ ನನಗೆ ಸಾಕು. ಹೇಳುವ ಧೈರ್ಯ ಬರುವ ಮೊದಲೇ ನಾನು ಹೋದರೆ, ಅವನನ್ನು ಹುಡುಕಿ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವನ ಎದೆಯಲ್ಲಿಯೂ ಇದೇ ಯಂತ್ರ ಇರಬಹುದು.’”

ಲಿಫ್ಟಣ್ಣನ ಹೆಂಡತಿ ಪುಟ್ಟನ ಮುಖವನ್ನೇ ನೋಡತೊಡಗಿದಳು. ಆ ನೋಟದ ಅರ್ಥ ಮೇಡಂಗೆ ತಕ್ಷಣ ಹೊಳೆಯಿತು.

“ಇವನಲ್ಲ ತಾಯಿ. ಇವನು ಹುಟ್ಟುವಾಗ ಹೆರಿಗೆ ಕೋಣೆ ಬಾಗಿಲಲ್ಲಿ ನಾನೇ ಇದ್ದೆ. ಆ ಮೂಗು ನಮ್ಮ ಭಾವಂದೇ, ಸಂಶಯವೇ ಬೇಡ.”

“ನನ್ನ ಮಗುವಿಗೆ ಒಬ್ಬ ದೊಡ್ಡಪ್ಪ ಇದ್ದಾರೆ,” ಎಂದಳು ಅವಳು ಮೆಲ್ಲಗೆ. ಆ ಪದವನ್ನು ಮೊದಲ ಸಲ ಬಾಯಲ್ಲಿಟ್ಟು ರುಚಿ ನೋಡಿದ ಹಾಗಿತ್ತು. “ನಾವಿಬ್ಬರೂ ಒಂಟಿ ಅಂದ್ಕೊಂಡಿದ್ದೆ.”

“ಲಿಫ್ಟಣ್ಣನಿಗಿಂತ ದೊಡ್ಡವರು ಕ್ಲಬ್ಬಿನಲ್ಲಿ ಎಷ್ಟು ಜನ ಪುಟ್ಟ?”

“ನನ್ನನ್ನ ಬಿಟ್ಟು ಹತ್ತು... ಹನ್ನೊಂದು.” ಬೆರಳು ಮಡಿಸಿ ಎಣಿಸುತ್ತಿದ್ದವನು ತಟ್ಟನೆ ನಿಲ್ಲಿಸಿದ. ಕಾಗದದ ಮೊದಲ ಹಾಳೆಯನ್ನು ಮತ್ತೆ ನೋಡಿದ. ಗೋಡೆಯ ಗಡಿಯಾರ ನೋಡಿದ.

“ಏದುಸಿರು ಬರೋ ಕೆಲಸ ಕೂಡದು ಅಂತ ಬರೆದಿದ್ದಾನೆ. ಚಿಕ್ಕಮ್ಮ, ಇವತ್ತು ಕೆರೆಯಲ್ಲಿ ದೋಣಿ ಪಂದ್ಯ. ನಮ್ಮ ಕ್ಲಬ್ಬಿಂದು. ನಾಲ್ಕು ಗಂಟೆಗೆ. ಹುಟ್ಟು ಹಾಕೋರು ಎಂಟು ಜನ, ಎಲ್ಲಾ ದೊಡ್ಡವರೇ. ವಯಸ್ಸಾಯ್ತು ಅಂತ ಚಿಕ್ಕವರು ಹಂಗಿಸಿದ್ರು, ಅದಕ್ಕೇ ಹಟಕ್ಕೆ ಬಿದ್ದಿದ್ದಾರೆ.”

ಗಂಟೆ ಮೂರೂವರೆ ದಾಟಿತ್ತು.

“ಫೋನ್ ಮಾಡು.”

ಮಾಡಿದ. ಒಬ್ಬರಿಗೆ, ಇನ್ನೊಬ್ಬರಿಗೆ, ಮತ್ತೊಬ್ಬರಿಗೆ. ಎಲ್ಲ ಕಡೆಯೂ ರಿಂಗಾಗಿ ರಿಂಗಾಗಿ ನಿಂತುಹೋಯಿತು. “ನೀರಿಗೆ ಇಳಿಯೋ ಮೊದಲು ಎಲ್ಲರ ಫೋನೂ ದಡದ ಕೊಠಡಿಯಲ್ಲಿ ಬೀಗ ಹಾಕಿ ಇಡ್ತಾರೆ.”

ಮೇಡಂ ಎದ್ದಾಗಿತ್ತು. ಲಿಫ್ಟಣ್ಣನ ಹೆಂಡತಿ ಚಪ್ಪಲಿ ಮೆಟ್ಟುತ್ತಿದ್ದಳು.

“ನೀನೆಲ್ಲಿಗೆ? ಏಳು ತಿಂಗಳು ನಿನಗೆ!”

“ಕಾಲಿಗೇನೂ ಏಳು ತಿಂಗಳಾಗಿಲ್ಲ ಮೇಡಂ. ನೀವು ಹೋಗಿ ಏನಂತ ಕರೀತೀರಿ ಅವರನ್ನ? ನಾನಾದ್ರೆ ಸಂಬಂಧದವಳು.”

ವಾದಕ್ಕೆ ಹೊತ್ತಿರಲಿಲ್ಲ. ಮೆಟ್ಟಿಲಿಳಿಯುವಾಗ ಪುಟ್ಟ ಅವಳ ಮುಂದೆ, ಮೇಡಂ ಹಿಂದೆ. ಪುಟ್ಟ ಕಾರನ್ನು ಕೆರೆಯ ಕಡೆ ಓಡಿಸಿದ. ಮಾರುಕಟ್ಟೆಯ ತಿರುವಿನಲ್ಲಿ ಹಣ್ಣಿನ ಲಾರಿ ಅಡ್ಡ ನಿಂತು ಏಳು ನಿಮಿಷ ತಿಂದಿತು. ಮೇಡಂ ಕೆಳಗಿಳಿದು ಡ್ರೈವರನಿಗೆ ಏನು ಹೇಳಿದರೋ, ಅವನು ಲಾರಿಯನ್ನು ಹೋಟೆಲಿನ ಮೆಟ್ಟಿಲ ಮೇಲೆಯೇ ಹತ್ತಿಸಿ ದಾರಿ ಬಿಟ್ಟ.

ಕೆರೆಯ ದಡ ಮುಟ್ಟಿದಾಗ ಸೀಟಿ ಊದಿಯಾಗಿತ್ತು. ಒಂದು ಕೆಂಪು ದೋಣಿ, ಒಂದು ನೀಲಿ ದೋಣಿ. ಒಂದೊಂದರಲ್ಲಿ ನಾಲ್ಕು ಜನ, ದಡಕ್ಕೆ ಮುಖ ಮಾಡಿ, ಮೈ ಬಗ್ಗಿಸಿ, ಹಲ್ಲು ಕಚ್ಚಿ ಹುಟ್ಟು ಹಾಕುತ್ತಿದ್ದರು. ದಡದಲ್ಲಿ ನಿಂತಿದ್ದ ಚಿಕ್ಕವರು ಕುಣಿದು ಕೂಗುತ್ತಿದ್ದರು. “ನಿಲ್ಲಿಸಿ! ನಿಲ್ಲಿಸ್ರೋ!” ಎಂದು ಪುಟ್ಟ ಕಿರುಚಿದ. ಆ ಗಲಾಟೆಯಲ್ಲಿ ಅದೂ ಒಂದು ಹುರಿದುಂಬಿಸುವ ಕೂಗಾಗಿ ಕರಗಿಹೋಯಿತು. ದೋಣಿಗಳು ಇನ್ನೂ ಜೋರಾಗಿ ನುಗ್ಗಿದವು.

ಆಗ ಲಿಫ್ಟಣ್ಣನ ಹೆಂಡತಿ ಮುಂದೆ ಬಂದಳು. ಬಸುರಿಯನ್ನು ಕಂಡು ಚಿಕ್ಕವರು ಒಬ್ಬೊಬ್ಬರಾಗಿ ಸುಮ್ಮನಾಗಿ ದಾರಿ ಬಿಟ್ಟರು. ಅವಳು ನೀರಿನ ಅಂಚಿಗೆ ಹೋಗಿ, ಚಪ್ಪಲಿ ಒದ್ದೆಯಾಗುವುದನ್ನೂ ನೋಡದೆ, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದಳು. ಹೆಸರು ಗೊತ್ತಿಲ್ಲದವನನ್ನು ಗಂಡನ ಅಣ್ಣನನ್ನು ಕರೆಯುವ ಹಾಗೆಯೇ ಕರೆದಳು.

“ಭಾವಾ! ನಿಲ್ಲಿಸಿ ಭಾವಾ! ನಿಮ್ಮ ತಮ್ಮ ಹೇಳಿ ಕಳಿಸಿದ್ದಾರೆ!”

ಕೂಗು ನೀರಿನ ಮೇಲೆ ಜಾರಿಕೊಂಡು ಹೋಯಿತು. ನೀಲಿ ದೋಣಿಯ ಹುಟ್ಟುಗಳು ತಡವರಿಸಿದವು, ಮೇಲೆದ್ದವು, ನಿಂತವು. ಕೆಂಪು ದೋಣಿಯವೂ ನಿಂತವು. ಎಂಟು ಮುಖಗಳು ದಡದತ್ತ ನೋಡಿದವು. ಯಾರನ್ನು ಕರೆಯುತ್ತಿದ್ದಾಳೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನೀಲಿ ದೋಣಿಯಲ್ಲಿ ಒಬ್ಬ ಹಾಗೆ ನೋಡಿಕೊಳ್ಳಲಿಲ್ಲ. ಹುಟ್ಟನ್ನು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ನಿಧಾನವಾಗಿ ಬಲಗೈ ಎತ್ತಿದ.

“ಅವನಿಗೆ ಗೊತ್ತಿತ್ತು,” ಎಂದು ಪುಟ್ಟ ಉಸಿರುಬಿಟ್ಟ. “ಲಿಫ್ಟಣ್ಣ ಹೇಳಿದ್ದ ಚಿಕ್ಕಮ್ಮ. ಕಾಯಿಲೆ ಅಲ್ಲದಿದ್ರೂ ಸಂಬಂಧ ಹೇಳೇ ಹೋಗಿದ್ದ!”

ಮೇಡಂ ಪುಟ್ಟನ ತೋಳನ್ನು ಬಿಗಿಯಾಗಿ ಹಿಡಿದು ಇನ್ನೊಂದು ದೋಣಿಯ ಕಡೆ ನೋಡುತ್ತಿದ್ದರು.

ಕಾಗದ ಬರೆದಾಗ ಲಿಫ್ಟಣ್ಣನಿಗೆ ಗೊತ್ತಿದ್ದ ಅಣ್ಣ ಒಬ್ಬನೇ. ಕೆಂಪು ದೋಣಿಯಲ್ಲೂ ಒಂದು ಕೈ ಮೇಲಿತ್ತು.